ನಾಲೆ ಏರಿಯ ಮೇಲೆ ಬಂದ ನಂಬರು

ಈಗೀಗ ಯಾವ ಅಂಗಡಿಗೆ ಹೋದರೂ ಬಿಲ್ ಕೌಂಟರಿನಲ್ಲಿ ಅದೇ ಮಾತು. 'ಸರ್, ನಮ್ಮ ಅಂಗಡಿ ಕಾರ್ಡ್ ಮಾಡಿಸ್ಕೊಳ್ಳಿ, ಇವತ್ತಿನ ಬಿಲ್ಲಲ್ಲೇ ಕಮ್ಮಿಯಾಗುತ್ತೆ. ನಿಮ್ಮ ಫೋನಿಗೊಂದು ನಂಬರ್ ಬರುತ್ತೆ, ಅದನ್ನ ಹೇಳಿದ್ರೆ ಸಾಕು.' ನಾನು ಬೇಡ ಎನ್ನುತ್ತೇನೆ. ಕೆ.ಆರ್. ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಬೇಡ ಅಂದಮೇಲೂ ಹುಡುಗಿ ಬಿಲ್ಲಿಗೆಂದು ಕೊಟ್ಟಿದ್ದ ನನ್ನ ನಂಬರನ್ನು ಒತ್ತಿಬಿಟ್ಟಳು. ಜೇಬಿನಲ್ಲಿ ಫೋನು ಗುರ್ ಎಂದಿತು. ಆರಿಸಿದ್ದ ಶರಟುಗಳನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನನ್ನ ಹತ್ತಿರ ದುಡ್ಡಿಲ್ಲ ಎಂದುಕೊಂಡಿರಬೇಕು ಆ ಹುಡುಗಿ.

ನನ್ನ ಚಿಕ್ಕಪ್ಪ ಬೈಕಿನ ಸಮೇತ ನಾಲೆಗೆ ಬಿದ್ದು ತೀರಿಕೊಂಡಾಗ ಹಿಂದಿನ ಸೀಟಿನಲ್ಲಿ ನಾನಿದ್ದೆ. ಆಗ ಅವನು ಫೋನಿನಲ್ಲಿ ಮಾತಾಡುತ್ತಿದ್ದದ್ದು ಚಿಕ್ಕಮ್ಮನ ಜೊತೆ. ಬೈಕು ನಿಲ್ಲಿಸಿ ಮಾತಾಡಿದ ಎಂದು ಅವಳು ನಂಬಿದ್ದಳು. ನಿಲ್ಲಿಸಿರಲಿಲ್ಲ. ಇದನ್ನು ಬಲ್ಲವನು ನಾನೊಬ್ಬನೇ. ಅವಳಿಗೂ ಗೊತ್ತಾದರೆ ಆ ಫೋನು ಮಾಡಿದವಳು ತಾನು ಎಂಬುದನ್ನು ಹೊತ್ತುಕೊಂಡು ಅವಳು ಉಳಿದ ದಿನ ಕಳೆಯಬೇಕು. ಚಿಕ್ಕಮ್ಮ ಓದುವುದು ಬಸ್ಸಿನ ಬೋರ್ಡು ಮತ್ತು ಗೋಡೆಯ ಕ್ಯಾಲೆಂಡರು ಮಾತ್ರ. ಈ ಬರಹ ಅವಳ ಕೈ ಸೇರಲಾರದು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕೊಟ್ಟಿದ್ದದ್ದು ಚಿಕ್ಕಪ್ಪನ ನಂಬರು. ಗ್ಯಾಸು, ರೇಷನ್ನು, ಆಧಾರು, ಡೇರಿಯ ಹಾಲಿನ ದುಡ್ಡು ಬೀಳುವ ಚಿಕ್ಕಮ್ಮನ ಬ್ಯಾಂಕ್ ಖಾತೆ, ಎಲ್ಲಕ್ಕೂ ಅದೇ. ನಮ್ಮ ಕಡೆ ಹೆಂಗಸರ ಕೈಗೆ ಫೋನು ಬಂದರೂ ಕಾಗದದ ಮೇಲೆ ಗಂಡಸಿನ ನಂಬರೇ ಉಳಿದುಬಿಟ್ಟಿರುತ್ತದೆ. ಹಾಗಾಗಿ ಮನೆಯವರು ಯಾವ ಕಚೇರಿಗೆ ಹೋದರೂ ಅಲ್ಲಿಂದ ಚಿಕ್ಕಪ್ಪನಿಗೆ ಫೋನು ಬರುತ್ತಿತ್ತು. ಅವನು ಗದ್ದೆಯಲ್ಲಿ ನೀರು ಕಟ್ಟುತ್ತಿರಲಿ, ಹಾಲು ಕರೆಯುತ್ತಿರಲಿ, ಕೈ ಒರೆಸಿಕೊಂಡು ಒಂದೊಂದೇ ಅಂಕಿಯನ್ನು ಕೂಗಿ ಹೇಳುತ್ತಿದ್ದ. ಡೇರಿಯ ಹತ್ತಿರ ಅವನಿಗೆ 'ಓಟಿಪಿ ಯಜಮಾನ್ರು' ಎಂದು ಹೆಸರು ಬಿದ್ದಿತ್ತು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. 'ನಾನು ಸತ್ರೆ ಸರ್ಕಾರ್ವೇ ನಿಂತೋಯ್ತದೆ ಕಣ್ರಲಾ' ಎನ್ನುತ್ತಿದ್ದ.

ನಾನು ಕೆ.ಆರ್. ಪೇಟೆಯಲ್ಲಿ ರೂಮು ಮಾಡಿಕೊಂಡು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಚಿನಕುರಳಿಯಲ್ಲಿ ಇಳಿದರೆ ಚಿಕ್ಕಪ್ಪ ಬೈಕು ತಂದು ನಿಂತಿರುತ್ತಿದ್ದ. ಅಲ್ಲಿಂದ ನಮ್ಮೂರಿಗೆ ನಾಲೆ ಏರಿಯ ಮೇಲೇ ದಾರಿ. ಆ ದಿನವೂ ಹಾಗೇ ಬಂದಿದ್ದ. ತಲೆಗೆ ಟವಲು ಸುತ್ತಿ ಫೋನನ್ನು ಕಿವಿಯ ಹತ್ತಿರ ಟವಲಿನೊಳಕ್ಕೆ ಸಿಕ್ಕಿಸಿಕೊಂಡಿದ್ದ. ನಾಲೆಗೆ ನೀರು ಬಿಟ್ಟು ವಾರವಾಗಿತ್ತು. ಏರಿಯ ಅಂಚಿನವರೆಗೂ ಕೆಂಪಗೆ ತುಂಬಿ ಸದ್ದಿಲ್ಲದೆ ಹೋಗುತ್ತಿತ್ತು.

ಅರ್ಧ ದಾರಿಯಲ್ಲಿ ಫೋನು ಬಂತು. ಅವನು ಅದನ್ನು ಟವಲಿನಿಂದ ಎಳೆದು ಸ್ಪೀಕರಿಗೆ ಹಾಕಿದ.

'ರೀ, ಎಲ್ಲಿದ್ದೀರಿ?' ಚಿಕ್ಕಮ್ಮನ ದನಿ.

'ನಾಲೆ ಏರಿ ಮ್ಯಾಲೆ. ನಿನ್ನ ಮಗನ್ನ ಕರ್ಕಂಡು ಬತ್ತಾವ್ನಿ.' ಚಿಕ್ಕಪ್ಪನಿಗೆ ಮಕ್ಕಳಿಲ್ಲ. ನನ್ನನ್ನು ಹಾಗೇ ಅನ್ನುತ್ತಿದ್ದ.

'ನಾನು ಪಟ್ಣದ ಅಂಗ್ಡೀಲಿವ್ನಿ. ಅದೇನೋ ಕಾರ್ಡ್ ಮಾಡುಸ್ಕಂಡ್ರೆ ಬಿಲ್ಲಲ್ಲಿ ಕಮ್ಮಿ ಮಾಡ್ತಾರಂತೆ, ಹಾಟ್‌ಬಾಕ್ಸು ಬ್ಯಾರೆ ಸುಮ್ಕೆ ಕೊಡ್ತಾರಂತೆ. ನಿಮ್ಗೆ ನಂಬರ್ ಬತ್ತದೆ, ನೋಡಿ ಯೋಳಿ.' ನಮ್ಮವರ ಬಾಯಲ್ಲಿ ಪಟ್ಣ ಅಂದರೆ ಶ್ರೀರಂಗಪಟ್ಟಣ.

'ಸುಮ್ಕೆ ಯಾರು ಕೊಟ್ಟಾರು ನಿಂಗೆ? ನಿಮ್ಮಪ್ಪನೇ ಕೊಡ್ನಿಲ್ಲ.'

ಅತ್ತ ಯಾರೋ ಹುಡುಗಿ ನಕ್ಕದ್ದು ಕೇಳಿಸಿತು. 'ಕೌಂಟ್ರು ಹುಡ್ಗಿ ಕೇಳುಸ್ಕತಾವ್ಳೆ, ಸುಮ್ಕಿರಿ. ಮೊದ್ಲು ಗಾಡಿ ನಿಲ್ಸಿ. ನಿಲ್ಸುದ್ರಾ?'

'ನಿಲ್ಸಿವ್ನಿ ಕಣಮ್ಮಿ.'

ನಿಲ್ಲಿಸಿರಲಿಲ್ಲ. ಗೇರು ಒಂದು ಕಮ್ಮಿ ಮಾಡಿದ್ದ ಅಷ್ಟೆ. ಕನ್ನಡಿಯಲ್ಲಿ ನನ್ನ ಕಡೆ ನೋಡಿ ಕಣ್ಣು ಹೊಡೆದ.

'ಅಂಕಲ್, ಬೇಗ ಹೇಳಿ,' ಹುಡುಗಿಯ ದನಿ ಹತ್ತಿರ ಬಂತು. 'ಟೈಮ್ ಮುಗಿದ್ರೆ ಇನ್ನೊಂದ್ಸಲ ಕಳಿಸ್ಬೇಕಾಗುತ್ತೆ.'

ನಾನು ಕೈ ಮುಂದೆ ಚಾಚಿದೆ. 'ಕೊಡು ಚಿಕ್ಕಪ್ಪ, ನಾನು ಓದ್ತೀನಿ.'

'ಲೇ, ನಂಬರ್ ಯಾರ್ಗೂ ತೋರುಸ್ಬ್ಯಾಡಿ ಅಂತ ಬ್ಯಾಂಕ್ನೋರು ಯೋಳವ್ರೆ ಕಣ್ಲಾ. ಇಷ್ಟು ಓದ್ಬುಟ್ಟು ಅಷ್ಟೂ ಗೊತ್ತಾಗಕಿಲ್ವಾ ನಿಂಗೆ?'

ಯಾರಿಗೂ ತೋರಿಸಬಾರದ ನಂಬರನ್ನು ಅವನು ಆಚೆ ಗದ್ದೆಯವರಿಗೂ ಕೇಳುವ ಹಾಗೆ ಕೂಗಲು ಶುರು ಮಾಡಿದ. ಕನ್ನಡಕ ಮನೆಯಲ್ಲಿತ್ತು. ಹತ್ತಿರ ಹಿಡಿದರೆ ಅಕ್ಷರ ಕಾಣದೆಂದು ಎಡಗೈಯನ್ನು ಪೂರ್ತಿ ಮುಂದೆ ಚಾಚಿ, ತಲೆ ಹಿಂದಕ್ಕೆ ಮಾಡಿ ಓದಿದ. 'ನಾಕು. ಸೊನ್ನೆ. ಬರ್ಕಂಡ್ಯಾ? ಒಂಬತ್ತು. ಇನ್ನೊಂದು ಒಂಬತ್ತು.'

ಅಲ್ಲಿ ಏರಿ ಸ್ವಲ್ಪ ತಿರುಗುತ್ತದೆ. ಕ್ವಾರಿಯ ಲಾರಿಗಳಿಂದ ಉದುರಿದ ಜಲ್ಲಿ ಅಲ್ಲಿ ಹರಡಿಕೊಂಡಿತ್ತು. ಮುಂದಿನ ಚಕ್ರ ಜಾರಿದ್ದು ನನ್ನ ತೊಡೆಗಳಿಗೆ ಗೊತ್ತಾಯಿತು, ಕಣ್ಣಿಗಲ್ಲ. ಚಿಕ್ಕಪ್ಪ ಕೂಗಲಿಲ್ಲ. ನಾನು ಏರಿಯ ಇಳಿಜಾರಿಗೆ ಬಿದ್ದು ಉರುಳಿ, ಸೊಂಟದವರೆಗೆ ನೀರಿನಲ್ಲಿ ಜೊಂಡು ಹಿಡಿದು ನೇತಾಡಿದೆ. ತಿರುಗಿ ನೋಡಿದಾಗ ನೀರಿನ ಮೇಲೆ ಕಂಡದ್ದು ಅವನ ಎಡಗೈ. ಅದರಲ್ಲಿ ಫೋನು ಇನ್ನೂ ಇತ್ತು. ನೆನೆಯಬಾರದೆಂದು ಎತ್ತಿ ಹಿಡಿದ ಹಾಗಿತ್ತು. ಆಮೇಲೆ ಕೈಯೂ ಇಲ್ಲ.

ಊರಿನ ಅರ್ಧ ಗಂಡಸರಿಗೆ ಅದೇ ನಾಲೆಯಲ್ಲಿ ಈಜು ಕಲಿಸಿದವನು ಅವನು. ಅಂಚಿನ ಕಲ್ಲು ತಲೆಗೆ ಬಡಿದಿರಬೇಕು ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ನನ್ನ ಕೈಯಲ್ಲಿ ಜೊಂಡು ಬೇರು ಸಮೇತ ಕಿತ್ತು ಬರುತ್ತಿತ್ತು. ಒಂದು ಹಿಡಿ ಕಿತ್ತರೆ ಇನ್ನೊಂದು ಹಿಡಿಯುತ್ತಿದ್ದೆ. ಕಬ್ಬಿನ ಟ್ರಾಕ್ಟರಿನವನೊಬ್ಬ ನಿಲ್ಲಿಸಿ ಹಗ್ಗ ಇಳಿಬಿಟ್ಟು, 'ಹಗ್ಗ ಇಡ್ಕೊ, ನೀರ್ ಕಡೆ ನೋಡ್ಬ್ಯಾಡ, ನನ್ನ ಮಕ ನೋಡು' ಎಂದು ಕೂಗಿದ. ನಾನು ನೀರನ್ನೇ ನೋಡುತ್ತಿದ್ದೆ. ಕಾಲ ಕೆಳಗೆ ನೆಲವಿಲ್ಲದೆ ಎಳೆಯುವ ಆ ನೀರು ಈಗಲೂ ನಿದ್ದೆಯಲ್ಲಿ ಬರುತ್ತದೆ. ಒಮ್ಮೊಮ್ಮೆ ಕ್ಲಾಸಿನಲ್ಲಿ ಬೋರ್ಡಿಗೆ ಬರೆಯುವಾಗಲೂ ಬರುತ್ತದೆ. ಬರೆದದ್ದನ್ನು ಒರೆಸಿ ಮತ್ತೆ ಮೊದಲಿನಿಂದ ಬರೆಯುತ್ತೇನೆ.

ಸಂಜೆ ಹೊತ್ತಿಗೆ ಚಿಕ್ಕಪ್ಪ ಕೆಳಗಿನ ತೂಬಿನ ಹತ್ತಿರ ಸಿಕ್ಕಿದ.

ಅಂಗಡಿಯಲ್ಲಿ ಆಗಿದ್ದನ್ನು ಚಿಕ್ಕಮ್ಮನೇ ನನಗೆ ಹೇಳಿದ್ದಾಳೆ. ಗರಗರ ಎಂದು ಲೈನು ಕಟ್ಟಾದಾಗ ಅವಳು ಹುಡುಗಿಗೆ, 'ಇವ್ರ ಫೋನು ಯಾವಾಗ್ಲೂ ಇಂಗೇ ಕಣವ್ವ, ನಾಲೆ ತಾವ ಸಿಗ್ನಲ್ ಸಿಗಕಿಲ್ಲ' ಅಂದಳಂತೆ. ಹುಡುಗಿ ಪಾಪ ಮತ್ತೆ ನಂಬರು ಕಳಿಸಿದಳು. ಸ್ವಲ್ಪ ಹೊತ್ತು ನೋಡಿ ಇನ್ನೊಮ್ಮೆ ಕಳಿಸಿದಳು. ಹಿಂದಿದ್ದವರನ್ನು ಮುಂದೆ ಬಿಟ್ಟು ಚಿಕ್ಕಮ್ಮ ಕೌಂಟರಿನ ಪಕ್ಕ ಕಾಯುತ್ತಾ ನಿಂತಿದ್ದಳು. ಕೊನೆಗೆ ದುಡ್ಡು ಕೊಟ್ಟು, 'ಒಂದು ಹಾಟ್‌ಬಾಕ್ಸ್ ತೆಗ್ದಿಟ್ಟಿರವ್ವ, ಬರೋ ವಾರ ಅವ್ರನ್ನೇ ಕರ್ಕಬತ್ತೀನಿ' ಎಂದು ಹೇಳಿ ಬಸ್ಸು ಹತ್ತಿದಳು. ಚಿನಕುರಳಿಯಲ್ಲಿ ಅವಳನ್ನು ಇಳಿಸಿಕೊಳ್ಳಲು ಊರಿನ ಜನ ನಿಂತಿದ್ದರು. ಅಷ್ಟೊಂದು ಜನ ಯಾಕೆ ಬಂದಿದ್ದಾರೆಂದು ತಿಳಿಯದೆ, ಯಾರೋ ದೊಡ್ಡವರು ಬಸ್ಸಿನಿಂದ ಇಳಿಯುತ್ತಾರೇನೋ ಎಂದು ಹಿಂದೆ ತಿರುಗಿ ನೋಡಿದಳಂತೆ.

ಪೊಲೀಸಿನವರು ಕೇಳಿದಾಗ ಜಲ್ಲಿ ಬಿದ್ದಿತ್ತು, ಚಕ್ರ ಜಾರಿತು ಅಂದೆ. ಫೋನಿನ ವಿಷಯ ಅವರು ಕೇಳಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಚಿಕ್ಕಮ್ಮ ಹೇಳುತ್ತಿದ್ದಳು, 'ಗಾಡಿ ನಿಲ್ಸೇ ಮಾತಾಡುದ್ರು. ಒಂದ್ ದಿನ ನನ್ನ ಮಾತು ಕೇಳ್ದೋರಲ್ಲ, ಅವತ್ತು ಕೇಳುದ್ರು. ತಿರ್ಗ ಗಾಡಿ ಅತ್ತುದ್ರಲ್ಲ, ಆಗ ಜಾರ್ಬುಡ್ತು.' ಹೆಂಗಸರು ಹೂಂಗುಟ್ಟುತ್ತಿದ್ದರು. ನಾನು ಎದ್ದು ಕೊಟ್ಟಿಗೆ ಕಡೆ ಹೋಗುತ್ತಿದ್ದೆ.

ತಿಥಿ ಕಳೆದ ಮೇಲೆ ಎಲ್ಲ ಕಡೆ ನಂಬರು ಬದಲಾಯಿಸಬೇಕಾಯಿತು. ಚಿಕ್ಕಮ್ಮನ ಫೋನಿನ ನಂಬರನ್ನೇ ಕೊಡೋಣ ಅಂದೆ. 'ನಂಗ್ಯಾಕಪ್ಪ ಆ ಕಾಟ, ನಿನ್ನ ನಂಬರ್ರೇ ಕೊಡು' ಅಂದಳು. ಈಗ ಅವಳು ಗ್ಯಾಸಿಗೋ ಬ್ಯಾಂಕಿಗೋ ಹೋದರೆ ನಂಬರು ನನಗೆ ಬರುತ್ತದೆ.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಜಗಲಿಯ ಮೇಲೆ ಕಾಯಿ ಸುಲಿಯುತ್ತಾ ಕೂತಿದ್ದೆವು. ಚಿಕ್ಕಮ್ಮ ತಲೆ ಎತ್ತದೆ ಅಂದಳು.

'ಅವತ್ತು ಫೋನ್ನಲ್ಲಿ ಗಾಳಿ ಸದ್ದು ಬತ್ತಿತ್ತು ಕಣಪ್ಪ. ಬುರ್ರೋ ಅಂತಿತ್ತು.'

ಕಾಯಿಯೊಳಗೆ ಹುಳುವಿತ್ತು. ಅದನ್ನು ಆಚೆ ಎಸೆದು ಇನ್ನೊಂದು ತೆಗೆದುಕೊಂಡೆ. 'ಏರಿ ಮ್ಯಾಲೆ ಯಾವಾಗ್ಲೂ ಗಾಳಿ ಅಲ್ವಾ ಚಿಕ್ಕಮ್ಮ. ನಿಂತಿದ್ರೂ ಬೀಸ್ತದೆ.'

'ನಿಂತಿದ್ರಿ ತಾನೆ?'

'ನಿಂತಿದ್ವಿ.'

ಅವಳು ಸುಲಿದ ಕಾಳನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಳು. 'ಬೀಸ್ತದೆ, ಬೀಸ್ತದೆ' ಎಂದು ಮೊರಕ್ಕೆ ಹಾಕಿದಳು. ಆಮೇಲೆ ಸಾರಿಗೆ ಹುಳಿ ಎಷ್ಟು ಹಾಕಬೇಕೆಂದು ಮಾತಾಡಿದಳು.

ಆ ವಿಷಯ ಮತ್ತೆ ಅವಳು ಎತ್ತಿಲ್ಲ. ಬಂದವರ ಹತ್ತಿರ 'ಗಾಡಿ ನಿಲ್ಸೇ ಮಾತಾಡುದ್ರು' ಎನ್ನುವುದನ್ನೂ ಬಿಟ್ಟಿದ್ದಾಳೆ. ಎಲ್ಲಿಂದಲಾದರೂ ನಂಬರಿಗೆಂದು ಫೋನು ಮಾಡಿದಾಗ, 'ಗಾಡಿ ಮ್ಯಾಲಿದ್ದೀಯಾ ಮಗ?' ಎಂದು ಕೇಳುತ್ತಾಳೆ. ಇಲ್ಲ, ರೂಮಿನಲ್ಲಿದ್ದೇನೆ ಎನ್ನುತ್ತೇನೆ. ಅತ್ತ ಕೌಂಟರಿನವರು ಬೇಗ ಬೇಗ ಎನ್ನುವುದು ನನಗೆ ಕೇಳಿಸುತ್ತಿರುತ್ತದೆ. ಚಿಕ್ಕಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು ನನ್ನ ಕಡೆ ಗಾಳಿ ಸದ್ದಿದೆಯೇ ಎಂದು ಕೇಳಿಸಿಕೊಳ್ಳುತ್ತಾಳೆ. ನಾನು ಕಿಟಕಿ ಮುಚ್ಚುತ್ತೇನೆ, ಫ್ಯಾನು ಆರಿಸುತ್ತೇನೆ, ಉಸಿರನ್ನೂ ಮೆಲ್ಲಗೆ ಬಿಡುತ್ತೇನೆ.

'ಈಗ ಯೋಳು' ಎನ್ನುತ್ತಾಳೆ.