ಮೇಷ್ಟ್ರು ಬರೆಸಿದ ವಾಕ್ಯ

ಕುಣಿಗಲ್‌ನಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಮೊನ್ನೆ ಪಕ್ಕದ ಸೀಟಿನ ಅಜ್ಜ ಒಂದು ತಗಡಿನ ಡಬ್ಬಿ ತೆಗೆದು, ಒಂದು ಚಿಟಿಕೆ ನಶ್ಯ ಏರಿಸಿ, ಪಂಚೆಯ ಅಂಚಿಗೆ ಬೆರಳು ಒರೆಸಿಕೊಂಡರು. ನನಗೆ ಸೀನು ಬರಲಿಲ್ಲ, ಸಿಟ್ಟು ಬಂತು. ಪಾಪ, ಅದರಲ್ಲಿ ಅಜ್ಜನ ತಪ್ಪೇನೂ ಇರಲಿಲ್ಲ. ಆದರೆ ಆ ಘಾಟು ಮೂಗಿಗೆ ಬಡಿದರೆ ಸಾಕು, ಗುಬ್ಬಿಯ ನಮ್ಮ ಹೈಸ್ಕೂಲು, ಹತ್ತನೇ ಕ್ಲಾಸಿನ ಕರಿಹಲಗೆ, ಅದರ ಮುಂದೆ ನಿಂತ ಇಂಗ್ಲಿಷ್ ಮೇಷ್ಟ್ರು... ಕಾಲೇಜಿನಲ್ಲಿ ಪಾಠ ಮುಗಿಸಿ ಮನೆಗೆ ಹೊರಟಿರುವ, ನಲವತ್ತು ದಾಟಿದ ಹೆಂಗಸು ನಾನು. ಆದರೂ ಎರಡು ಜಡೆಯ ಹುಡುಗಿಯಾಗಿ ಹಲ್ಲು ಕಚ್ಚುತ್ತೇನೆ.

ಅವರ ಮೇಲೆ ನನಗಿದ್ದದ್ದು ಮುನಿಸಲ್ಲ, ದ್ವೇಷ. ಹಾಗಿದ್ದೂ ‘ಅವರು’ ಎಂದೇ ಬರೆಯುತ್ತಿದ್ದೇನೆ ನೋಡಿ. ಏಕವಚನದಲ್ಲಿ ಬೈಯಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಮೇಷ್ಟ್ರು ಎಂದ ಮೇಲೆ ನಾಲಗೆ ಏಳುವುದಿಲ್ಲ.

ಪಾಠ ಹೇಳುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಗೆ ‘ಟೂ’ ತೆಗೆದು ವಾಕ್ಯ ಬದಲಿಸಿ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದು ಎಲ್ಲ ಮೇಷ್ಟ್ರುಗಳೂ ಹೇಳುತ್ತಿದ್ದ ಕಾಲ. ‘ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್’ ಅಂದರೆ, ಟೀ ಎಷ್ಟು ಬಿಸಿ ಇದೆ ಎಂದರೆ ಕುಡಿಯಲು ಆಗುವುದಿಲ್ಲ. ಇಲ್ಲ, ಆಗದು ಎಂಬ ಪದ ಎಲ್ಲೂ ಇರುವುದಿಲ್ಲ, ಆದರೆ ಇಡೀ ವಾಕ್ಯ ಆಗದು ಅನ್ನುತ್ತಿರುತ್ತದೆ. ಅದನ್ನು ‘ಸೋ ಹಾಟ್ ದಟ್’ ಎಂದು ಬಿಡಿಸಿ ಬರೆದರೆ ಆ ‘ಆಗದು’ ಹೊರಗೆ ಬರುತ್ತದೆ. ಪುಸ್ತಕದ ಇಂಥ ಉದಾಹರಣೆಗಳನ್ನು ಕಂಡರೆ ನಮ್ಮ ಮೇಷ್ಟ್ರಿಗೆ ಆಗುತ್ತಿರಲಿಲ್ಲ.

“ಯಾರ ಟೀ? ಯಾವ ಹೋಟ್ಲು? ನಿಮ್ ಮನೆ ವಾಕ್ಯ ಆದ್ರೆ ಜನ್ಮದಲ್ಲಿ ಮರೆಯಲ್ಲ ಕಣ್ರೋ” ಅನ್ನುತ್ತಿದ್ದರು.

ಹಾಗಾಗಿ ಹಲಗೆಯ ಮೇಲೆ ನಮ್ಮ ಮನೆಗಳೇ ಬರುತ್ತಿದ್ದವು. ಹೋಟೆಲಿನವರ ಮಗ ಓಡಲಾರದಷ್ಟು ದಪ್ಪ. ಹಿಂದಿನ ಬೆಂಚಿನವಳ ಅಣ್ಣ ಕೆಲಸಕ್ಕೆ ಹೋಗಲಾರದಷ್ಟು ಸೋಮಾರಿ. ದಿನಕ್ಕೊಬ್ಬರ ಸರದಿ. ಆ ದಿನ ತನ್ನದಲ್ಲ ಎಂದು ಗೊತ್ತಾದವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಇಲ್ಲವೆನ್ನುವುದಿಲ್ಲ.

ನಮ್ಮಪ್ಪ ತೆಂಗಿನಕಾಯಿ ಕೀಳುವ ಕೆಲಸ ಮಾಡುತ್ತಿದ್ದ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮರದಿಂದ ಬಿದ್ದ. ಪ್ರಾಣ ಉಳಿಯಿತು, ಸೊಂಟ ಸರಿಹೋಗಲಿಲ್ಲ. ಆಮೇಲೆ ವರ್ತಕರ ಮಂಡಿಯಲ್ಲಿ ಕೂತು ಕೊಬ್ಬರಿ ಆರಿಸುವ ಕೆಲಸಕ್ಕೆ ಸೇರಿದ. ನಡೆದರೆ ಒಂದು ಪಕ್ಕಕ್ಕೆ ವಾಲಿ, ಸ್ವಲ್ಪ ನಿಂತು, ಮತ್ತೆ ಇನ್ನೊಂದು ಪಕ್ಕಕ್ಕೆ ವಾಲುತ್ತಿದ್ದ. ಒಂದು ಸೋಮವಾರ ಸಂತೆಯಲ್ಲಿ ಅಪ್ಪ ಹಾಗೆ ನಡೆಯುವುದನ್ನು ಮೇಷ್ಟ್ರು ನೋಡಿದರಂತೆ. ಮಂಗಳವಾರ ಬೆಳಿಗ್ಗೆ ಹಲಗೆಯ ಮೇಲೆ ನನ್ನ ಸರದಿ ಬಂದಿತ್ತು.

‘ಹರ್ ಫಾದರ್ ಈಸ್ ಟೂ ಡ್ರಂಕ್ ಟು ವಾಕ್.’ ಇವಳ ಅಪ್ಪ ನಡೆಯಲೂ ಆಗದಷ್ಟು ಕುಡಿದಿದ್ದಾನೆ.

ಕ್ಲಾಸು ಗೊಳ್ಳೆಂದಿತು. ನಾನು ಎದ್ದು ನಿಂತು, “ನಮ್ಮಪ್ಪ ಕುಡಿಯಲ್ಲ ಸಾರ್” ಎಂದೆ.

ಮೇಷ್ಟ್ರು ಡಬ್ಬಿ ತೆಗೆದು ನಶ್ಯ ಏರಿಸಿದರು. “ವಾಕ್ಯ ಸರಿಯಾಗಿದ್ಯೋ ಇಲ್ವೋ, ಅಷ್ಟು ಹೇಳಮ್ಮ” ಎಂದರು. ಆಮೇಲೆ ನನ್ನ ಕೈಗೇ ಸೀಮೆಸುಣ್ಣ ಕೊಟ್ಟು, ಟೂ ತೆಗೆದು ಬರಿ ಎಂದರು. ಬರೆದೆ. ಅಪ್ಪ ಎಷ್ಟು ಕುಡಿದಿದ್ದಾನೆ ಎಂದರೆ ಅವನಿಗೆ ನಡೆಯಲು ಆಗುವುದಿಲ್ಲ ಎಂದು ನನ್ನ ಕೈಯಾರೆ, ಒಂದಕ್ಷರ ತಪ್ಪಿಲ್ಲದೆ ಬರೆದೆ. “ವೆರಿ ಗುಡ್” ಎಂದರು.

ನಲವತ್ತು ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡರು. ಪರೀಕ್ಷೆ ಮುಗಿಯುವ ತನಕ ಮನೆಮನೆಯ ಜಗಲಿಯಲ್ಲಿ ಅದರ ಬಾಯಿಪಾಠ ನಡೆಯಿತು. ಅಪ್ಪ ಬೀದಿಗೆ ಬಂದರೆ ಹುಡುಗರು ಕೂಗುತ್ತಿದ್ದರು. ಒಂದು ಸಂಜೆ ಅವನು ಕೇಳಿಯೇಬಿಟ್ಟ.

“ಅದೇನವ್ವ, ಹುಡುಗ್ರು ನನ್ ನೋಡಿ ಇಂಗ್ಲೀಷ್‌ನಾಗೆ ಏನೋ ಅಂತವೆ?”

ನನಗೆ ಹೊಳೆದದ್ದು ಒಂದೇ ಸುಳ್ಳು. “ಮೇಷ್ಟ್ರು ಪಾಠದಲ್ಲಿ ನಿನ್ ವಿಷ್ಯ ಬರ್ಸವ್ರೆ ಕಣಪ್ಪ. ಮರದಿಂದ ಬಿದ್ರೂ ದುಡಿದು ತಿನ್ನೋ ಒಳ್ಳೆ ಮನ್ಸ ಅಂತ.”

ಅಪ್ಪ ಅವ್ವನನ್ನು ಕರೆದು ಅದನ್ನೇ ಹೇಳಿದ. ಮುಂದಿನ ಭಾನುವಾರ ಯಾರನ್ನೋ ಮರ ಹತ್ತಿಸಿ ನಾಲ್ಕು ಎಳನೀರು ಕೀಳಿಸಿಕೊಂಡು ನನ್ನೊಡನೆ ಮೇಷ್ಟ್ರ ಮನೆಗೆ ಹೊರಟ. ಬೇಡವೆಂದು ಎಷ್ಟು ಗೋಗರೆದರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಕೈಮುಗಿದ. ಮೇಷ್ಟ್ರು ಎಳನೀರು ಒಳಗೆ ಇಡಿಸಿ, “ಇವತ್ತು ಪರವಾಗಿಲ್ಲ ಕಣಯ್ಯ, ನೆಟ್ಟಗೆ ನಿಂತಿದೀಯ” ಎಂದರು. ಹೊಗಳಿಕೆ ಎಂದುಕೊಂಡು ಅಪ್ಪ ನಕ್ಕ.

ಆ ನಗುವನ್ನು ನೋಡಿದ ದಿನವೇ ಮೇಷ್ಟ್ರನ್ನು ಸುಮ್ಮನೆ ಬಿಡುವುದಿಲ್ಲ ಎಂದುಕೊಂಡೆ. ಬಿಎ, ಎಂಎ, ಇಂಗ್ಲಿಷ್ ಲೆಕ್ಚರರ್ ಕೆಲಸ, ಇದೆಲ್ಲವನ್ನೂ ಜನ ನನ್ನ ಛಲ ಎಂದು ಹೊಗಳುತ್ತಾರೆ. ಹೊಗಳಲಿ. ಅವರ ಭಾಷೆಯಲ್ಲೇ, ನಾಲ್ಕು ಜನರ ಮುಂದೆ ಅವರ ಮುಖ ಕೆಳಗೆ ಹಾಕಿಸಬೇಕು, ನನಗಿದ್ದದ್ದು ಅಷ್ಟೆ. ಪಾತ್ರೆ ತೊಳೆಯುವಾಗ, ಬಸ್ಸು ಕಾಯುವಾಗ ಆ ಭಾಷಣವನ್ನು ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ದೇವರಾಯನದುರ್ಗಕ್ಕೆ ಹೋದಾಗಲೆಲ್ಲ ಮೇಷ್ಟ್ರ ಆಯುಷ್ಯಕ್ಕೆ ಕೈಮುಗಿಯುತ್ತಿದ್ದೆ. ನನ್ನ ಸರದಿ ಬರುವವರೆಗಾದರೂ ಅವರನ್ನು ಗಟ್ಟಿಯಾಗಿ ಇಡಪ್ಪಾ ಎಂದು.

ಅಷ್ಟರಲ್ಲಿ ಅಪ್ಪ ಹೋದ. ಕೊನೆಯ ದಿನಗಳಲ್ಲೂ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದ: “ನಮ್ ವಿಷ್ಯನ ಇಂಗ್ಲೀಷ್ ಪಾಠದಲ್ಲಿ ಬರ್ಸವ್ರೆ.” ಅಪ್ಪನ ನಂತರ ಆ ಮಾತನ್ನು ಅವ್ವ ಮುಂದುವರಿಸಿದಳು. ಮದುವೆ ಮನೆಯಾಗಲಿ, ತಿಥಿ ಮನೆಯಾಗಲಿ, ಯಾರಾದರೂ ಪಕ್ಕದಲ್ಲಿ ಕೂತರೆ ಆಯಿತು.

ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಗುರುವಂದನೆ ಮಾಡೋಣ ಎಂದು ತೀರ್ಮಾನವಾಯಿತು. ಈಗೆಲ್ಲ ಊರೂರಲ್ಲೂ ಇದೆಯಲ್ಲ, ಹಳೆಯ ವಿದ್ಯಾರ್ಥಿಗಳು ಸೇರಿ ಮೇಷ್ಟ್ರುಗಳಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ ಕೊಡುವುದು. ಇಂಗ್ಲಿಷ್ ಮೇಷ್ಟ್ರ ಬಗ್ಗೆ ಯಾರು ಮಾತಾಡುತ್ತೀರಿ ಎಂದು ಕೇಳಿದ್ದೇ ತಡ, ನಾನು ಎಂದು ಬರೆದೆ. ಅವ್ವ ಹಟ ಹಿಡಿದು ಜೊತೆಗೆ ಹೊರಟಳು. “ನಿಮ್ಮಪ್ಪನ್ನ ಹೊಗಳಿದ್ ಪುಣ್ಯಾತ್ಮರು, ಕೈಮುಗ್ದು ಬತ್ತೀನಿ” ಎಂದಳು. ತಡೆಯಬೇಕಿತ್ತು. ಇಂಗ್ಲಿಷಿನಲ್ಲಿ ಮಾತಾಡುತ್ತೇನಲ್ಲ, ಇವಳಿಗೆಲ್ಲಿ ತಿಳಿಯುತ್ತದೆ ಎಂದುಕೊಂಡೆ.

ವೇದಿಕೆಯ ಮೇಲೆ ಮೇಷ್ಟ್ರು ಶಾಲು ಹೊದ್ದು ಕೂತಿದ್ದರು. ಸೊರಗಿದ್ದರು, ಕಣ್ಣು ಮಾತ್ರ ಅದೇ ಕಣ್ಣು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಆ ಮಂಗಳವಾರ, ಆ ಹಲಗೆ, ಆ ವಾಕ್ಯ, ಒಂದೊಂದಾಗಿ ಹೇಳುತ್ತಾ ಹೋದೆ. ಓರೆಗಣ್ಣಿನಲ್ಲಿ ನೋಡಿದರೆ ಮೇಷ್ಟ್ರು ತಲೆಯಾಡಿಸುತ್ತಿದ್ದಾರೆ! ನಾನು ಏನು ಹೇಳುತ್ತಿದ್ದೇನೆ ಎಂಬುದು ಅವರಿಗೆ ಬೇಕಿರಲಿಲ್ಲ. ನನ್ನ ವ್ಯಾಕರಣ ಕೇಳಿ ಹಿಗ್ಗುತ್ತಿದ್ದರು. ಬದುಕೆಲ್ಲ ಮಸೆದದ್ದು ಅವರಿಗೆ ತಾಗಲೇ ಇಲ್ಲ.

ಆಗ ನನಗೆ ಮೈಮೇಲೆ ಬಂದಂತಾಯಿತು. ಅಲ್ಲಿಂದ ಮುಂದಕ್ಕೆ ಕನ್ನಡ. ನಮ್ಮಪ್ಪ ಒಂದು ತೊಟ್ಟು ಕುಡಿದವನಲ್ಲ ಎಂದೆ. ಊರೆಲ್ಲ ಅವನನ್ನು ಕುಡುಕ ಎಂದು ಬಾಯಿಪಾಠ ಮಾಡುವಂತೆ ಇವರು ಮಾಡಿದರು ಎಂದೆ. ಅದು ಹೊಗಳಿಕೆ ಎಂದು ನಾನು ಸುಳ್ಳು ಹೇಳಿದೆ, ಅದನ್ನು ನಂಬಿ ಅವನು ಇವರ ಬಾಗಿಲಿಗೆ ಎಳನೀರು ಹೊತ್ತ, ನಂಬಿಕೊಂಡೇ ಸತ್ತ ಎಂದೆ. ಮೇಷ್ಟ್ರ ತಲೆ ಆಡುವುದು ನಿಂತಿತು. ಹೆಗಲ ಶಾಲು ತೆಗೆದು, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ಯಾರದೋ ಕೈ ಹಿಡಿದು ಮೆಟ್ಟಿಲಿಳಿದು ಹೋದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಹೊಟ್ಟೆ ತಣ್ಣಗಾಯಿತು.

ಮೂರನೇ ಸಾಲಿನಲ್ಲಿ ಕೂತ ಅವ್ವನ ನೆನಪಾದದ್ದು ಆಮೇಲೆ... ಅವಳು ನನ್ನನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಊಟಕ್ಕೆ ಏಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತುಮಕೂರು ಹತ್ತಿರವಾಗುವ ಹೊತ್ತಿಗೆ ಬಾಯಿ ಬಿಟ್ಟಳು.

“ಇಷ್ಟ್ ವರ್ಸ ಮುಚ್ಚಿಟ್ಟಿದ್ಯಲ್ಲೇ. ಇನ್ನೊಂದ್ ನಾಕ್ ದಿನ, ನಾನ್ ಸಾಯೋ ಗಂಟ ಮುಚ್ಚಿಡಕ್ಕಾಗ್ಲಿಲ್ವಾ ನಿಂಗೆ?”

ಮೇಷ್ಟ್ರು ಕಳೆದ ವರ್ಷ ತೀರಿಕೊಂಡರು. ಗುಂಪಿನಲ್ಲಿ ಸುದ್ದಿ ಬಂದಾಗ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು, ನಾನು ಹಾಕಲಿಲ್ಲ, ಮಣ್ಣಿಗೂ ಹೋಗಲಿಲ್ಲ. ಅದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವರು ಮತ್ತೆ ಎದ್ದು ಬಂದು ಅದೇ ಕುರ್ಚಿಯಲ್ಲಿ ಕೂತರೆ ಅದೇ ಮಾತನ್ನು ಮತ್ತೆ ಹೇಳಿಯೇನು. ಅವ್ವನನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗುತ್ತೇನೆ. ಅವಳು ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಸೊಪ್ಪು ಬಿಡಿಸುತ್ತಾಳೆ, ಟಿವಿ ನೋಡುತ್ತಾಳೆ, ನೆಂಟರು ಬಂದರೆ ಊರ ಸುದ್ದಿಯನ್ನೆಲ್ಲ ಕೇಳುತ್ತಾಳೆ. ಅಪ್ಪನ ವಿಷಯ ಮಾತ್ರ ಎತ್ತುವುದಿಲ್ಲ.