ಮುರಿದ ಸೂಜಿಯ ತುದಿ

ಕೌದಿ ಹೊಲಿಯುವ ಅಕ್ಕನಿಗೆ ತನ್ನ ಕೈಕೆಲಸದ ಬಗ್ಗೆ ಜಂಬ ಒಂದಿಷ್ಟು ಜಾಸ್ತಿಯೇ ಇತ್ತು. ಇರಲಿ ಬಿಡಿ, ಆ ಕೈಗೆ ಜಂಬ ಒಪ್ಪುತ್ತಿತ್ತು. ಹೊಲಿಗೆ ಅಕ್ಕಿಕಾಳಿಗಿಂತ ಸಣ್ಣಗೆ ಬೀಳಬೇಕೆಂದು ಯಾವಾಗಲೂ ಗಿಡ್ಡನೆಯ ತೆಳು ಸೂಜಿಯನ್ನೇ ಹಿಡಿಯುವವಳು. ಎರಡು ಬಟ್ಟೆಗಳ ನಡುವೆ ಹಾಕುವ ಹತ್ತಿಯ ಹಾಸೂ ತೆಳುವಾಗಿರಬೇಕು.

ಈ ಸಲ ಮಾತ್ರ ಅಂಗಡಿಯಲ್ಲಿ ದಪ್ಪ ಹತ್ತಿ ಕೇಳಿದಳು. ಕೌದಿ ಅವಳ ತಂಗಿಗೆ. ಲಕ್ವ ಹೊಡೆದು ತಂಗಿಯ ಎಡಮೈ ಮುಟ್ಟಿದರೂ ತಿಳಿಯದಂತಾಗಿತ್ತು. ಸ್ಪರ್ಶ ಮೆಲ್ಲಗೆ ವಾಪಸ್ ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಅಕ್ಕನಿಗೆ ಅಷ್ಟೇ ಸಾಕಾಯಿತು. ದಿನಾ ಬೆಳಗ್ಗೆ ತಂಗಿಯ ಎಡಗಾಲು ಚಿವುಟಿ "ಗೊತ್ತಾಯ್ತೇನೇ?" ಎನ್ನುವಳು. "ಹೂಂ ಅಕ್ಕ, ನಿನ್ನೆಗಿಂತ ಜಾಸ್ತಿ" ಎನ್ನುವಳು ತಂಗಿ. ಆ ಒಂದು ಹೂಂಗುಟ್ಟುವಿಕೆಯ ಮೇಲೆ ಅಕ್ಕನ ಇಡೀ ದಿನ ನಡೆಯುತ್ತಿತ್ತು.

"ಈ ದಪ್ಪಕ್ಕೆ ಉದ್ದ ಸೂಜಿ ತಗೊಳ್ಳಮ್ಮ. ನಿನ್ನ ಗಿಡ್ಡ ಸೂಜಿ ಇದ್ರಲ್ಲಿ ಮುಳುಗಿಹೋಗುತ್ತೆ," ಎಂದ ಅಂಗಡಿಯವನು.

"ಉದ್ದ ಸೂಜೀಲಿ ಗೋಣಿಚೀಲ ಹೊಲೀತಾರಪ್ಪ. ನಾನು ಹೊಲೀತಿರೋದು ನನ್ನ ತಂಗಿಗೆ."

ಅವನು ಹತ್ತಿ ಸುತ್ತಿಕೊಟ್ಟ.

ಮನೆಯಲ್ಲಿ ಒಂದೊಂದು ಹೊಲಿಗೆಗೂ ಸೂಜಿಯನ್ನು ಅದುಮಿ ಅದುಮಿ ದಾಟಿಸಬೇಕಾಯಿತು. ಬೆರಳಲ್ಲಿ ಬೊಬ್ಬೆ ಎದ್ದಿತು. ತಂಗಿ ಮಂಚದಿಂದಲೇ ರೇಗಿಸುವಳು: "ಬೇಗ ಮುಗಿಸೇ ಅಕ್ಕ. ಆಮೇಲೆ ನಾನು ಎದ್ದು ಓಡಾಡ್ತಿರ್ತೀನಿ, ಹೊದ್ಕೊಳ್ಳೋಕೆ ಪುರಸೊತ್ತೇ ಇರಲ್ಲ!"

ಕೊನೆಯ ಸಾಲಿನಲ್ಲಿ ಸೂಜಿ ಲಟಕ್ಕನೆ ಮುರಿಯಿತು. ತುದಿ ಎಲ್ಲಿ ಹೋಯಿತೋ! ಅಕ್ಕ ನೆಲ ಗುಡಿಸಿದಳು, ಕೌದಿಯನ್ನು ಅಂಗೈಯಲ್ಲಿ ಉದ್ದಕ್ಕೂ ಒತ್ತಿ ನೋಡಿದಳು. ಊಹೂಂ.

"ಎಲ್ಲೋ ಹಾರಿಹೋಗಿರುತ್ತೆ. ಕೊಡೇ ಇಲ್ಲಿ, ಚಳಿ," ಎಂದು ತಂಗಿ ಬಲಗೈಯಿಂದ ಎಳೆದು ಹೊದ್ದೇಬಿಟ್ಟಳು. ಅಕ್ಕನಿಗೂ ಸುಸ್ತಾಗಿತ್ತು, ಬಿಟ್ಟಳು.

ಬೆಳಗ್ಗೆ ಚಿವುಟಲೆಂದು ಕೌದಿ ಸರಿಸಿದರೆ, ತಂಗಿಯ ಎಡ ಮೀನಖಂಡದಲ್ಲಿ ಸೂಜಿಯ ತುದಿ ನಾಟಿಕೊಂಡಿತ್ತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು.

"ಎಂಥಾ ನಿದ್ದೆ ಬಂತು ಗೊತ್ತಾ! ಒಂದ್ಸಲಾನೂ ಎಚ್ಚರ ಆಗ್ಲಿಲ್ಲ," ಎನ್ನುತ್ತಿದ್ದಳು ತಂಗಿ.

ಅಕ್ಕ ತುದಿಯನ್ನು ಉಗುರಲ್ಲಿ ಹಿಡಿದು ಕಿತ್ತಳು. ತಂಗಿಯ ಮಾತು ನಿಲ್ಲಲೇ ಇಲ್ಲ. ಹಾಗಾದರೆ ಇಷ್ಟು ದಿನ ಹೇಳಿದ್ದೆಲ್ಲ ಅಕ್ಕನ ಸಮಾಧಾನಕ್ಕೆ. ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು. ತುದಿಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡಳು.

"ಅಕ್ಕ, ಆ ಸೂಜಿ ತುದಿ ಸಿಕ್ತಾ?"

"ಸಿಕ್ತು. ಮಂಚದ ಕೆಳಗಿತ್ತು."

"ನಾನು ಹೇಳ್ಲಿಲ್ವಾ? ಕೌದಿಯೊಳಗೆ ಇದ್ದಿದ್ರೆ ಚುಚ್ಚಿದಾಗ ನಂಗೆ ಗೊತ್ತಾಗ್ತಿರ್ಲಿಲ್ವಾ ಅಕ್ಕ?"

"ಗೊತ್ತಾಗ್ತಿತ್ತು ಬಿಡು," ಎಂದಳು ಅಕ್ಕ.