ಡಾಂಬರು ಡ್ರಮ್ಮಿನ ಮೇಲೊಂದು ಟೈಂಪೀಸು

ಮೊನ್ನೆ ಪತ್ರಿಕೆಯಲ್ಲಿ ಓದಿದೆ. ಯಾವುದೋ ದೂರದ ನಗರದಲ್ಲಿ ಹೊಸ ಬಗೆಯ ಸಿಗ್ನಲ್ ದೀಪಗಳು ಬಂದಿವೆಯಂತೆ. ಯಾವ ಕಡೆ ಎಷ್ಟು ವಾಹನ ನಿಂತಿವೆಯೆಂದು ಅವು ತಾವೇ ತಿಳಿದುಕೊಂಡು, ಅದಕ್ಕೆ ತಕ್ಕಂತೆ ಹಸಿರನ್ನು ಹಿಗ್ಗಿಸಿ ಕೆಂಪನ್ನು ಕುಗ್ಗಿಸುತ್ತವಂತೆ. ಓದಿದವರಿಗೆಲ್ಲ ಅಚ್ಚರಿಯಾಗಿರಬೇಕು. ನನಗೆ ಮಾತ್ರ ನಾಚಿಕೆಯಾಯಿತು. ಪತ್ರಿಕೆಯನ್ನು ಮಡಿಸಿ ದಿಂಬಿನ ಕೆಳಗೆ ತಳ್ಳಿದೆ. ಹೆಂಡತಿಯ ಕಣ್ಣಿಗೆ ಬಿದ್ದರೆ ಟೈಂಪೀಸಿನ ಕಥೆ ಮತ್ತೆ ಎದ್ದು ಕೂರುತ್ತದೆ.

ಅವಳು ಹೇಳುವ ಬದಲು ನಾನೇ ಹೇಳಿಬಿಡುತ್ತೇನೆ. ನಾಲ್ಕೈದು ವರ್ಷದ ಹಿಂದಿನ ಮಾತು. ನಾನು ರಸ್ತೆ ಕೆಲಸದ ಕಿರಿಯ ಇಂಜಿನಿಯರು. ಹುಟ್ಟಿದ್ದು ನಾಗಮಂಗಲದ ಕಡೆ ಬಿಂಡಿಗನವಿಲೆಯಲ್ಲಿ, ಮನೆ ಮಾಡಿದ್ದು ಶ್ರೀರಂಗಪಟ್ಟಣದಲ್ಲಿ, ಬಿಸಿಲು ಕಾಯುತ್ತಿದ್ದದ್ದು ಪಾಂಡವಪುರದಾಚೆ ಚಿನಕುರಳಿ ರಸ್ತೆಯಲ್ಲಿ. ಅಲ್ಲೊಂದು ನಾಲೆ ಸೇತುವೆಯ ಅರ್ಧ ಭಾಗ ಕುಸಿದು ರಿಪೇರಿ ನಡೆದಿತ್ತು. ಉಳಿದರ್ಧದ ಮೇಲೆ ಒಂದು ಸಲಕ್ಕೆ ಒಂದು ಕಡೆಯ ಗಾಡಿಗಳಷ್ಟೇ ಹೋಗಬೇಕು. ಕಬ್ಬು ಅರೆಯುವ ಕಾಲ ಬೇರೆ. ಆ ಕಡೆಯಿಂದ ಕಬ್ಬು ತುಂಬಿದ ಎತ್ತಿನಗಾಡಿಗಳು ಏರು ಹತ್ತಿ ಬರುತ್ತಿದ್ದವು. ಈ ಕಡೆಯಿಂದ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಬಂದ ಖಾಲಿ ಗಾಡಿಗಳು, ನಡುವೆ ಕೆ.ಆರ್. ಪೇಟೆಯ ಬಸ್ಸು. ಸೇತುವೆ ಮಗ್ಗುಲಿನ ಡಾಂಬರು ಡ್ರಮ್ಮಿನ ಬಳಿ ನಿಂತರೆ ಎರಡು ಕಡೆಯೂ ಕಾಣುತ್ತಿತ್ತು. ಅಲ್ಲಿ ಕೆಂಪು, ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದವರು ಖಾದರ್ ಸಾಬರು.

ಸಾಬರು ಪಟ್ಟಣದಲ್ಲಿ ಬಹಳ ವರ್ಷ ಜಟಕಾ ಹೊಡೆದವರು. ಆಟೋಗಳು ಬಂದ ಮೇಲೆ ಕುದುರೆ ಮಾರಿ, ನಮ್ಮಲ್ಲಿ ದಿನಗೂಲಿಗೆ ಸೇರಿದ್ದರು. ಅವರ ಬಾವುಟಕ್ಕೆ ಯಾವ ನಿಯಮವೂ ಇದ್ದಂತೆ ನನಗೆ ಕಾಣಲಿಲ್ಲ. ಒಮ್ಮೆ ಆ ಕಡೆಯ ಹತ್ತು ಗಾಡಿ ಬಿಡುವರು, ಒಮ್ಮೆ ಎರಡೇ. ಖಾಲಿ ಗಾಡಿಯವರು ಬೀಡಿ ಸೇದುತ್ತ ಕೂತೇ ಇರುವರು. ಇದು ಪಕ್ಷಪಾತವೆಂದೇ ತೀರ್ಮಾನಿಸಿ, ಒಂದು ದಿನ ಗತ್ತಿನಿಂದ ಕೇಳಿದೆ.

"ಏನಿಲ್ಲ ಸಾಮಿ," ಎಂದರು. "ಏರ್ನಾಗೆ ಎತ್ತು ನಿಂತ್ಬುಟ್ರೆ ಮತ್ತೆ ಹೆಜ್ಜೆ ಕೀಳಕಿಲ್ಲ. ತುಂಬಿದ್ ಗಾಡಿ ಮೊದ್ಲು ದಾಟ್ಲಿ. ಖಾಲಿ ಗಾಡಿ ಒಂಚೂರು ಕಾದ್ರೆ ಏನಾಯ್ತದೆ?"

ಇದು ಉತ್ತರವೇ ಅಲ್ಲವೆನಿಸಿತು ನನಗೆ. ಓದಿದವನಲ್ಲವೇ! ಮರುದಿನವೇ ಮದುವೆಯಲ್ಲಿ ಉಡುಗೊರೆ ಬಂದಿದ್ದ ಟೈಂಪೀಸನ್ನು ಮನೆಯಿಂದ ತಂದು ಡ್ರಮ್ಮಿನ ಮೇಲೆ ಪ್ರತಿಷ್ಠಾಪಿಸಿದೆ. ಆ ಕಡೆಗೆ ನಾಲ್ಕು ನಿಮಿಷ, ಈ ಕಡೆಗೆ ನಾಲ್ಕು ನಿಮಿಷ. "ಮುಳ್ಳು ನೋಡಿ ಬಾವುಟ ಎತ್ತಿ, ಗಾಡಿ ನೋಡಿ ಅಲ್ಲ" ಎಂದು ಅಪ್ಪಣೆ ಕೊಡಿಸಿದೆ.

ಈಗ ಯೋಚಿಸಿದರೆ ನಗು ಬರುತ್ತದೆ. ಗಡಿಯಾರ ನೋಡಿ ಹಾಲು ಇಳಿಸುವ ಹೆಂಗಸನ್ನು ನೀವು ಕಂಡಿದ್ದೀರಾ? ಹಾಲು ಏಳುವುದನ್ನು ನೋಡಿ ಉರಿ ತಗ್ಗಿಸುತ್ತಾಳೆ. ಮೇಲುಕೋಟೆಯ ಮೆಟ್ಟಿಲು ಹತ್ತುವಾಗ ನಮ್ಮ ಎದೆಯೇನು "ನನ್ನ ಬಡಿತ ಇಷ್ಟೇ" ಎಂದು ಹಟ ಹಿಡಿಯುತ್ತದೆಯೇ? ಹತ್ತುವಾಗ ಓಡುತ್ತದೆ, ಕೂತಾಗ ಸುಧಾರಿಸಿಕೊಳ್ಳುತ್ತದೆ. ನಾಲೆಯ ನೀರಗಂಟಿಯೂ ಗದ್ದೆಯ ಮುಖ ನೋಡಿಯೇ ತೂಬು ಎತ್ತುತ್ತಾನೆ. ಲೋಕವೆಲ್ಲ ಹೀಗೆ ಎದುರಿಗಿರುವುದನ್ನು ನೋಡಿ ಕೈ ಆಡಿಸುತ್ತಿರುವಾಗ, ಮುಳ್ಳು ನೋಡಿ ಕೂತವನು ನಾನೊಬ್ಬ.

ಮೂರನೆಯ ದಿನ ಚಿನಕುರಳಿಯ ಚಿಕ್ಕೇಗೌಡರ ಗಾಡಿ ಏರಿನ ನಡುವೆ ಇತ್ತು. ನಾಲ್ಕು ನಿಮಿಷ ಮುಗಿಯಿತು. ಈ ಕಡೆ ರಸ್ತೆ ಪೂರ್ತಿ ಖಾಲಿ. ಸಾಬರು ನನ್ನ ಮುಖ ನೋಡಿದರು. ನಾನು ಟೈಂಪೀಸಿನ ಕಡೆ ಬೆರಳು ತೋರಿಸಿದೆ. ಕೆಂಪು ಬಾವುಟ ಮೇಲೆದ್ದಿತು. ಎತ್ತುಗಳು ನಿಂತವು, ಗಾಡಿ ಹಿಂದಕ್ಕೆ ಜಗ್ಗಿತು, ಎಡಗಡೆಯ ಎತ್ತು ಮುಂಗಾಲು ಮಡಿಸಿ ಮುಗ್ಗರಿಸಿತು. ಸಾಬರು ಬಾವುಟ ಬಿಸಾಡಿ ಓಡಿ, ಚಕ್ರಕ್ಕೆ ಕಲ್ಲು ಕೊಟ್ಟರು. ಇಲ್ಲದಿದ್ದರೆ ಗಾಡಿ, ಎತ್ತು, ಗೌಡರು ಎಲ್ಲ ನಾಲೆಯ ಪಾಲಾಗುತ್ತಿದ್ದರು. ಎತ್ತಿನ ಎರಡೂ ಮಂಡಿ ತರಚಿ ರಕ್ತ ಸುರಿಯುತ್ತಿತ್ತು.

"ಕಣ್ ಕಾಣಕಿಲ್ವೇನ್ಲಾ ನಿಂಗೆ?" ಎಂದು ಗೌಡರು ಸಾಬರ ಮೇಲೆ ಹರಿಹಾಯ್ದರು. "ಆ ಕಡೆ ಒಂದ್ ನರಪಿಳ್ಳೆ ಇಲ್ಲ, ಯಾರ್ಗೋಸ್ಕರ ನನ್ ಎತ್ತ ನಿಲ್ಲುಸ್ದೆ? ಮೊನ್ನೆಗಂಟ ಸರ್ಯಾಗಿದ್ದೆ, ಈಗೇನ್ಲಾ ಬಂತು ರೋಗ?"

ರೋಗ ಡ್ರಮ್ಮಿನ ಹಿಂದೆ ಛತ್ರಿ ಹಿಡಿದು ನಿಂತಿತ್ತು. ಸಾಬರು ನನ್ನ ಕಡೆ ಒಮ್ಮೆ ತಿರುಗಿದರು, ಮತ್ತೆ ಗೌಡರ ಕಡೆ ತಿರುಗಿ, "ತಪ್ಪಾಯ್ತು ಕಣಪ್ಪ" ಎಂದರು. ಅಷ್ಟಕ್ಕೇ ಮುಗಿದಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ. ಮಧ್ಯಾಹ್ನ ಬಂದ ಮೇಲಧಿಕಾರಿಗಳು ಏನಾಯಿತೆಂದು ಕೇಳಿದಾಗ, "ಬಾವುಟದವರು ಸ್ವಲ್ಪ ಎಚ್ಚರ ತಪ್ಪಿದರು ಸಾರ್" ಎಂದು ನನ್ನ ಇದೇ ಬಾಯಿ ಹೇಳಿತು. ಸಾಬರನ್ನು ಕೆಲಸದಿಂದ ಬಿಡಿಸಿದರು.

ಬೇರೆಯವರು ಸಿಗುವ ತನಕ ಬಾವುಟ ನನ್ನ ಕೈಗೇ ಬಂತು. ಮೊದಲ ಗಾಡಿ ಏರಿನ ಬುಡಕ್ಕೆ ಬಂದಾಗ ಎತ್ತಿನ ಬಾಯಲ್ಲಿ ನೊರೆ ಕಂಡಿತು. ಗಾಡಿಯವನು ಹೆಗಲು ಕೊಡಲು ಕೆಳಗೆ ಧುಮುಕಿದ್ದು ಕಂಡಿತು. ನನ್ನ ಕೈ ನನ್ನನ್ನು ಕೇಳದೆ ಹಸಿರು ಬಾವುಟ ಎತ್ತಿತು. ಟೈಂಪೀಸು ತನ್ನ ಪಾಡಿಗೆ ಟಿಕ್ ಟಿಕ್ ಅನ್ನುತ್ತಿತ್ತು. ಅದರ ಮುಖ ನೋಡಲೂ ನನಗೆ ಧೈರ್ಯವಾಗಲಿಲ್ಲ. ಸಂಜೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದೆ. ಹೆಂಡತಿ ಏಕೆಂದು ಕೇಳಿದಳು. ಹೇಳಿದೆ. ಅವಳು ಕಾಫಿ ಕೊಡದೆ, "ಮೊದಲು ಅವರ ಮನೆಗೆ ಹೋಗಿ ಬನ್ನಿ" ಎಂದಳು.

ಆಮೇಲೆ ನಾನು ಮೇಲಧಿಕಾರಿಗಳಿಗೂ ಗೌಡರಿಗೂ ನಿಜ ಹೇಳಿ ಚೆನ್ನಾಗಿ ಉಗಿಸಿಕೊಂಡೆ. ಸಾಬರು ಬಾವುಟಕ್ಕೆ ಮರಳಿದರು. ಆದರೆ ಇದನ್ನೆಲ್ಲ ಬರೆಯುವಾಗ ಈಗಲೂ ಕಣ್ಣೆದುರು ಬರುವುದು ಅಂದು ಸಂಜೆಯ ಸಾಬರ ಮನೆಯ ಬಾಗಿಲು. ಕರೆದ ಕೂಡಲೇ ಸಾಬರು ಹೊರಗೆ ಬಂದರು. ನಾನೂ ಅವರೂ ಒಟ್ಟಿಗೇ ಬಾಯಿ ತೆರೆದೆವು, ಒಟ್ಟಿಗೇ ನಿಲ್ಲಿಸಿದೆವು. ನಾನು "ಸಾಬರೇ..." ಎಂದು ಮತ್ತೆ ಶುರು ಮಾಡಿ ಅಲ್ಲಿಗೇ ನಿಂತೆ. ಸಾಬರು ನನ್ನ ಮುಖ ನೋಡಿದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಸೇತುವೆಯ ಮೇಲೆ ನಿಂತಂತೆಯೇ ಕೈ ಎತ್ತಿ ಹೇಳಿದರು:

"ಮೊದ್ಲು ನೀವ್ ದಾಟಿ ಸಾಮಿ. ನಿಮ್ದು ತುಂಬಿದ್ ಗಾಡಿ, ಏರ್ನಾಗೆ ನಿಂತ್ಬುಟ್ಟದೆ. ನಂದು ಖಾಲಿ. ನಾನ್ ಕಾಯ್ತೀನಿ."